ಕೊಡದ ಲೆಕ್ಕ, ನಲ್ಲಿಯ ಮರೆವು

ದುಂದುಗಾರನನ್ನು ಕಂಡರೆ ‘ಹಣವನ್ನು ನೀರಿನಂತೆ ಖರ್ಚು ಮಾಡುತ್ತಾನೆ’ ಎನ್ನುವುದುಂಟು. ಆದರೆ ಬಾವಿಯಿಂದ ನೀರು ಸೇದಿ, ಹೊತ್ತು ತರುತ್ತಿದ್ದ ಹೆಂಗಸರ ಪಾಲಿಗೆ ನೀರು ಲೆಕ್ಕವಿಲ್ಲದ ವಸ್ತುವಾಗಿರಲಿಲ್ಲ. ಅಡುಗೆಗೆ ಎಷ್ಟು ಕೊಡ, ಬಚ್ಚಲ ಹಂಡೆಗೆ ಎಷ್ಟು ಕೊಡ ಎಂಬ ಅಂದಾಜು ಅವರ ರಟ್ಟೆಗೇ ಗೊತ್ತಿತ್ತು.

ಬೆಂಗಳೂರಿನಲ್ಲಿ ಈ ಲೆಕ್ಕ ಮಸುಕಾಗತೊಡಗಿದ್ದು ಕೊಳಾಯಿ ಬಂದ ಮೇಲೆ. 1896ರಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ನಗರಕ್ಕೆ ಬಂತು. ಕಾವೇರಿಯ ನೀರು ಸುಮಾರು 100 ಕಿ.ಮೀ. ಸಾಗಿ, ಸುಮಾರು 500 ಮೀಟರ್ ಮೇಲೇರಿ ಬರಬೇಕು. ಆ ಭಾರವನ್ನೆಲ್ಲ ಪಂಪುಗಳೇ ಹೊರುವುದರಿಂದ ನಲ್ಲಿ ತಿರುಗಿಸುವ ಕೈಗೆ ಅದರ ಅರಿವಾಗುವುದಿಲ್ಲ.

ಭಾರ ತಿಳಿಯದಿದ್ದರೆ ಅಳತೆಯೂ ತಪ್ಪುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಶಹಜೀನ್ ಅತ್ತಾರಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ವಿವಿಧ ಕೆಲಸಗಳಿಗೆ ತಗಲುವ ನೀರನ್ನು ಜನರು ಸರಾಸರಿ ನಿಜದ ಅರ್ಧದಷ್ಟೇ ಎಂದು ಊಹಿಸಿದ್ದರು. ನೀರು ಉಳಿಸಲು ಬೇಗ ಸ್ನಾನ ಮುಗಿಸಬೇಕು ಎಂದವರೇ ಬಹಳ. ಶೌಚಾಲಯದ ತೊಟ್ಟಿ ಬದಲಿಸುವ ವಿಚಾರ ಹೊಳೆದದ್ದು ಕೆಲವರಿಗೆ ಮಾತ್ರ.

ವ್ಯತ್ಯಾಸ ಇರುವುದೇ ಅಲ್ಲಿ. ಹಳೆಯ ಫ್ಲಷ್ ತೊಟ್ಟಿ ಒಮ್ಮೆಗೆ ಸುಮಾರು 10 ಲೀಟರ್ ಸುರಿಯುತ್ತದೆ. ಎರಡು ಗುಂಡಿಗಳ ಹೊಸ ತೊಟ್ಟಿಗೆ ಸಾಮಾನ್ಯವಾಗಿ 3 ಅಥವಾ 6 ಲೀಟರ್ ಸಾಕು. ಒಂದು ಮನೆಯಲ್ಲಿ ದಿನಕ್ಕೆ 20 ಸಲ ಫ್ಲಷ್ ಮಾಡುತ್ತಾರೆಂದರೆ ಹಳೆಯದಕ್ಕೆ 200 ಲೀಟರ್ ಬೇಕು. ಹೊಸದರಲ್ಲಿ 15 ಸಲ ಚಿಕ್ಕ ಗುಂಡಿ, 5 ಸಲ ದೊಡ್ಡದು ಒತ್ತಿದರೆ 75 ಲೀಟರಿಗೆ ಮುಗಿಯುತ್ತದೆ. ಪಾತ್ರೆ ತೊಳೆಯುವಾಗ ನಲ್ಲಿ ಸಣ್ಣಗೆ ಬಿಡುವವರ ಮನೆಯಲ್ಲೇ ಉಳಿದ 125 ಲೀಟರ್ ಕಣ್ಣಿಗೆ ಬೀಳದೆ ಹರಿದುಹೋಗುತ್ತಿರಬಹುದು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾಯಬೇಕಾಗಿ ಬಂದಾಗ ಬೆಂಗಳೂರಿನ ಅನೇಕ ಮನೆಗಳಲ್ಲಿ ಬಕೆಟ್ಟಿನ ಲೆಕ್ಕ ಮತ್ತೆ ಶುರುವಾಯಿತು. ಮಳೆ ಬಂದ ಮೇಲೂ ಅದು ಉಳಿಯಬೇಕಾದರೆ ಮೀಟರು ಬೇಕು. ಆದರೆ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ಮನೆಮನೆಗೆ ಮೀಟರಿಲ್ಲ, ನೀರಿನ ವೆಚ್ಚವನ್ನು ಎಲ್ಲರಿಗೂ ಹಂಚುತ್ತಾರೆ. ಹೀಗಾದಾಗ ಉಳಿಸಿದವರಿಗೆ ಲಾಭವಿಲ್ಲ, ಚೆಲ್ಲಿದವರಿಗೆ ನಷ್ಟವಿಲ್ಲ.

ಮೀಟರಿರುವ ಮನೆಯವರಿಗೆ ಲೆಕ್ಕ ಸುಲಭ. ತಿಂಗಳ ಬಿಲ್ಲಿನಲ್ಲಿರುವ ಲೀಟರುಗಳನ್ನು ದಿನಗಳಿಂದಲೂ ಮನೆಮಂದಿಯ ಸಂಖ್ಯೆಯಿಂದಲೂ ಭಾಗಿಸಿದರಾಯಿತು. ಒಳಚರಂಡಿಯಿರುವ ನಗರಗಳಿಗೆ ಭಾರತದಲ್ಲಿ ಇಟ್ಟುಕೊಂಡಿರುವ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಎಂದರೆ 15 ಲೀಟರ್ ಹಿಡಿಸುವ ಒಂಬತ್ತು ಕೊಡ. ಹೊತ್ತು ತರಬೇಕಾಗಿದ್ದರೆ ಅಷ್ಟನ್ನು ಯಾರೂ ಚೆಲ್ಲುತ್ತಿರಲಿಲ್ಲ.