ಸಿಹಿಗುಂಬಳದ ಹೂವು: ಬೀಜದಿಂದ ಬಳ್ಳಿಯ ಬೇಸಾಯ ಮತ್ತು ಹೂವಿನ ಉಪಯೋಗ

ಸಿಹಿಗುಂಬಳದ ಬಳ್ಳಿಯನ್ನು ಅರಿಯದ ಗ್ರಾಮವು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಕೆಲವು ಕಡೆ ಇದಕ್ಕೆ ಚೀನಿಕಾಯಿ ಎಂದೂ ಹೆಸರುಂಟು. ಇದರ ಮೂಲಸ್ಥಾನವು ಅಮೆರಿಕ ಖಂಡ. 1492ರ ಅನಂತರ ಹಡಗಿನ ವ್ಯಾಪಾರದೊಡನೆ ಇತರ ದೇಶಗಳಿಗೆ ಹರಡಿತು. ಕಾಯಿಯ ಉಪಯೋಗವನ್ನು ಎಲ್ಲರೂ ಬಲ್ಲರು. ಹೂವಿನ ವಿಷಯದಲ್ಲಿ ಮಾತ್ರ ಎರಡು ಬಗೆಯ ನಷ್ಟವು ಸರ್ಕೀಟಿನಲ್ಲಿ ಕಂಡುಬರುತ್ತದೆ. ಕೆಲವು ಮನೆಗಳಲ್ಲಿ ಅದನ್ನು ಮುಟ್ಟುವುದೇ ಇಲ್ಲ. ಮತ್ತೆ ಕೆಲವು ಕಡೆ ಕಂಡ ಹೂವನ್ನೆಲ್ಲ ಕಿತ್ತು, ಬಳ್ಳಿಯು ಕಾಯಿ ಕಚ್ಚಲಿಲ್ಲವೆಂದು ದೂರುತ್ತಾರೆ.

ಬಿತ್ತನೆಗೆ ಮುಂಗಾರಿನ ಜೂನ್, ಜುಲೈ ತಿಂಗಳುಗಳೂ, ನೀರಿನ ಸೌಕರ್ಯವಿದ್ದಲ್ಲಿ ಜನವರಿ, ಫೆಬ್ರವರಿಯೂ ಅನುಕೂಲವಾದ ಕಾಲ. ಎಂಟು ಹತ್ತು ಅಡಿಗೊಂದರಂತೆ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿಗಳನ್ನು ತೋಡಿ, ಮೇಲ್ಮಣ್ಣಿನೊಡನೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಗುಂಡಿಗೊಂದು ಮಂಕರಿಯಂತೆ ಬೆರೆಸಿ ತುಂಬತಕ್ಕದ್ದು. ಹಸಿ ಗೊಬ್ಬರವು ಕೂಡದು. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ಗುಂಡಿಗೆ ನಾಲ್ಕರಂತೆ ಒಂದು ಅಂಗುಲ ಆಳದಲ್ಲಿ ಊರಬೇಕು. ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಮೂರು ನಾಲ್ಕು ಎಲೆಗಳಾದ ಮೇಲೆ ಪುಷ್ಟವಾದ ಎರಡು ಸಸಿಗಳನ್ನುಳಿಸಿ ಮಿಕ್ಕವನ್ನು ತೆಗೆಯುವುದು. ಮನಸ್ಸು ಒಪ್ಪುವುದಿಲ್ಲವೆಂದು ನಾಲ್ಕನ್ನೂ ಬಿಟ್ಟರೆ ನಾಲ್ಕೂ ಸೊರಗುತ್ತವೆ. ನೀರು ನಿಲ್ಲುವ ಎರೆಭೂಮಿಯಲ್ಲಿ ಗುಂಡಿಯ ಬದಲು ದಿಬ್ಬ ಮಾಡಿ ಬಿತ್ತುವುದು ಮೇಲು. ಎಳೆಯ ಸಸಿಯ ಎಲೆಗಳನ್ನು ಕೆಂಪು ದುಂಬಿಯು ತೂತು ಮಾಡಿ ತಿನ್ನುವುದುಂಟು; ಮುಂಜಾನೆ ಅವು ಮಂಕಾಗಿರುವಾಗ ಕೈಯಿಂದ ಹಿಡಿದು ನಾಶಪಡಿಸಿ, ಇಬ್ಬನಿ ಆರುವ ಮೊದಲು ಎಲೆಯ ಮೇಲೆ ಬೂದಿಯನ್ನು ಚೆಲ್ಲಬಹುದು.

ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಹೂವು ತೋರುತ್ತದೆ. ಇಲ್ಲಿ ರೈತರು ಒಂದು ವಿಷಯವನ್ನು ಚೆನ್ನಾಗಿ ಗ್ರಹಿಸಬೇಕು. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಹೂವಿನ ತೊಟ್ಟು ಉದ್ದವಾಗಿಯೂ ತೆಳ್ಳಗೂ ಇರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಆಗಲೇ ಸಣ್ಣ ಕಾಯಿಯ ಆಕಾರವಿರುತ್ತದೆ. ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬಂದು ಉದುರಿಹೋಗುತ್ತವೆ. ಇದನ್ನು ಕಂಡು ಬಳ್ಳಿಯು ಬಂಜೆಯೆಂದು ಕಿತ್ತುಹಾಕಿದವರುಂಟು. ಅದು ಬಳ್ಳಿಯ ಸಹಜ ಧರ್ಮವೇ ಹೊರತು ರೋಗವಲ್ಲ. ಹೆಣ್ಣು ಹೂವು ಬರಲು ಇನ್ನೂ ಕೆಲವು ದಿನ ತಾಳಬೇಕು.

ಹೂವು ಸೂರ್ಯೋದಯದ ಹೊತ್ತಿಗೆ ಅರಳಿ ಮಧ್ಯಾಹ್ನಕ್ಕೆ ಮುಂಚೆಯೇ ಮುಚ್ಚಿಕೊಳ್ಳುತ್ತದೆ. ಈ ಅಲ್ಪಾವಧಿಯಲ್ಲಿ ಜೇನುಹುಳುಗಳು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿದರೆ ಮಾತ್ರ ಕಾಯಿ ನಿಲ್ಲುತ್ತದೆ. ಆದುದರಿಂದ ಅಡಿಗೆಗೆ ಗಂಡು ಹೂವನ್ನೇ ಕೀಳತಕ್ಕದ್ದು. ಬಳ್ಳಿಗೆ ಎರಡು ಮೂರನ್ನಾದರೂ ಪರಾಗಕ್ಕಾಗಿ ಬಿಡತಕ್ಕದ್ದು. ಹುಳುಗಳ ಸಂಚಾರ ಕಡಿಮೆಯಿರುವಲ್ಲಿ, ಬೆಳಿಗ್ಗೆ ಎಂಟು ಗಂಟೆಯೊಳಗೆ ಗಂಡು ಹೂವೊಂದರ ದಳಗಳನ್ನು ಬಿಡಿಸಿ ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೃದುವಾಗಿ ಸವರಬಹುದು. ಮನೆಯ ಮಕ್ಕಳೂ ಮಾಡಬಲ್ಲ ಕೆಲಸವಿದು. ಹೂವಿನ ಕಾಲದಲ್ಲಿ ಬಳ್ಳಿಗೆ ಕೀಟನಾಶಕವನ್ನು ಸಿಂಪಡಿಸಿದರೆ ಜೇನೂ ಸಾಯುತ್ತದೆ, ತಿನ್ನುವವರಿಗೂ ವಿಷ ತಾಕುತ್ತದೆ. ಪಕ್ಕದ ಹೊಲದವನ ಸಿಂಪಡಣೆಯೂ ಅಷ್ಟೇ ಅಪಾಯಕರವಾದುದರಿಂದ, ಈ ವಿಷಯದಲ್ಲಿ ಊರಿನ ಯಜಮಾನರು ಎಲ್ಲರನ್ನೂ ಕೂಡಿಸಿ ಒಂದು ಕಟ್ಟು ಮಾಡುವುದು ಯುಕ್ತ.

ಕಿತ್ತ ಹೂವು ಬೇಗ ಬಾಡುವುದರಿಂದ ದೂರದ ಸಂತೆಗೆ ಒಯ್ಯುವ ಸರಕಲ್ಲ. ಅದೇ ದಿನ ಮನೆಯಲ್ಲಿ ಬಳಸತಕ್ಕದ್ದು. ಬುಡದ ರೋಮವುಳ್ಳ ಹಸಿರು ಎಸಳುಗಳನ್ನೂ ಒಳಗಿನ ಕೇಸರವನ್ನೂ ತೆಗೆದು, ಇರುವೆ ಹುಳಗಳು ಹೋಗುವಂತೆ ಉಪ್ಪುನೀರಿನಲ್ಲಿ ಅದ್ದಿ ತೊಳೆಯಬೇಕು. ಕಡಲೆಹಿಟ್ಟಿಗೆ ತುಸು ಅಕ್ಕಿಹಿಟ್ಟು, ಮೆಣಸಿನಪುಡಿ, ಓಮ, ಉಪ್ಪು ಬೆರೆಸಿ ಕಲಸಿ, ಹೂವನ್ನು ಅದ್ದಿ ಎಣ್ಣೆಯಲ್ಲಿ ಕರಿದರೆ ಉತ್ತಮವಾದ ಬಜ್ಜಿಯಾಗುತ್ತದೆ. ಎಣ್ಣೆಯ ವೆಚ್ಚ ಬೇಡವೆನ್ನುವವರು ಹೆಚ್ಚಿದ ಹೂವನ್ನು ಬೆಂದ ಹೆಸರುಬೇಳೆಯೊಡನೆ ಒಗ್ಗರಣೆಗೆ ಹಾಕಿ ಪಲ್ಯ ಮಾಡಬಹುದು. ಹೂವು ಎರಡು ಮೂರು ನಿಮಿಷದಲ್ಲೇ ಬೇಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಲೋಳೆಯಾಗಿ ರುಚಿಗೆಡುತ್ತದೆ. ಮುಂಗಾರಿನಲ್ಲಿ ತರಕಾರಿ ಅಭಾವವಾದಾಗ ಹಿತ್ತಲಿನ ನಾಲ್ಕು ಬಳ್ಳಿಗಳು ಈ ರೀತಿ ಸಂಸಾರಕ್ಕೆ ಒದಗಿಬರುತ್ತವೆ.

ಬೀಜಕ್ಕಾಗಿ ಒಳ್ಳೆಯ ಬಳ್ಳಿಯೊಂದನ್ನು ಗೊತ್ತುಮಾಡಿಕೊಂಡು, ಮರುದಿನ ಅರಳುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ಸಂಜೆ ನೂಲಿನಿಂದ ಕಟ್ಟಬೇಕು. ತುದಿಯು ಹಳದಿಗೆ ತಿರುಗಿರುವುದೇ ಅಂಥ ಮೊಗ್ಗಿನ ಗುರುತು. ಬೆಳಿಗ್ಗೆ ಬಿಚ್ಚಿ, ಮೇಲೆ ಹೇಳಿದಂತೆ ಪರಾಗವನ್ನು ಸವರಿ, ಹೆಣ್ಣು ಹೂವನ್ನು ಪುನಃ ಕಟ್ಟುವುದು. ಹೀಗೆ ಕಚ್ಚಿದ ಕಾಯಿ ಪೂರ್ಣವಾಗಿ ಬಲಿತ ಮೇಲೆ ಕೊಯ್ದು, ಎರಡು ಮೂರು ವಾರ ಇರಿಸಿ, ಅನಂತರ ಬೀಜವನ್ನು ತೆಗೆದು ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು. ಬೂದುಗುಂಬಳವು ಪಕ್ಕದಲ್ಲಿದ್ದರೆ ಜಾತಿ ಕೆಡುವುದೆಂಬ ಭಯ ಬೇಡ. ಇವೆರಡೂ ಬೇರೆ ಕುಲಗಳು, ಬೆರೆಯುವುದಿಲ್ಲ. ಆದರೆ ಯಾವುದಾದರೂ ಬಳ್ಳಿಯ ಕಾಯಿ ಅತಿಯಾಗಿ ಕಹಿಯಾಗಿದ್ದಲ್ಲಿ ಅದನ್ನು ತಿನ್ನಲೂ ಕೂಡದು, ಅದರ ಬೀಜವನ್ನು ಇಡಲೂ ಕೂಡದು; ಆ ಕಹಿಯು ವಾಂತಿಭೇದಿಯನ್ನು ತರುವ ವಿಷಾಂಶದ ಗುರುತು, ಬೇಯಿಸಿದರೂ ಅದು ಹೋಗುವುದಿಲ್ಲ.