ಮೋಡೆಮ್ ಮತ್ತು ಕನ್ನಡದ ಅಕ್ಷರ

ಒಂದು ಗಣಕಯಂತ್ರವು ದೂರವಾಣಿಯ ತಂತಿಯ ಮೂಲಕ ಇನ್ನೊಂದು ಗಣಕದೊಡನೆ ಮಾತನಾಡಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಗಣಕಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತು. ಹಳೆಯ ತಂತಿಗೆ ತಿಳಿದಿದ್ದುದು ದನಿ ಮಾತ್ರ. ಗುರುತನ್ನು ದನಿಯಾಗಿಸುವ ಮಾಡ್ಯುಲೇಟರ್, ದನಿಯನ್ನು ಮರಳಿ ಗುರುತಾಗಿಸುವ ಡಿಮಾಡ್ಯುಲೇಟರ್, ಈ ಎರಡು ಹೆಸರುಗಳ ಮೊದಲ ಭಾಗಗಳನ್ನು ಕೂಡಿಸಿ ಮೋಡೆಮ್ ಎಂದು ಕರೆದರು. ವ್ಯಾಕರಣದ ಪ್ರತ್ಯಾಹಾರಗಳನ್ನು ಬಾಯಿಪಾಠ ಮಾಡಿದವರಿಗೆ ಇಂಥ ಅಡಕ ಹೊಸದೇನಲ್ಲ.

1981ರಲ್ಲಿ ಅಮೆರಿಕದ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ಬಂದಿತು. ಅಲ್ಲಿಂದ ಮುಂದೆ ಕೀಲಿಮಣೆಯಿಂದಲೇ ಮೋಡೆಮಿಗೆ ಅಪ್ಪಣೆ ಕೊಡುವ ಪದ್ಧತಿ ರೂಢಿಗೆ ಬಂದಿತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಇಂಟರ್ನೆಟ್ ಸೇವೆಯನ್ನು ಜನಸಾಮಾನ್ಯರಿಗೆ ತೆರೆದಾಗ, ಬರಿಯ ಅಕ್ಷರಗಳನ್ನಷ್ಟೆ ತೋರಿಸುವ ಖಾತೆ ಪಡೆದವರು ಸಂಪರ್ಕ ತಂತ್ರಾಂಶವನ್ನು ತಾವೇ ಹೊಂದಿಸಿಕೊಳ್ಳಬೇಕಾಗಿದ್ದಿತು. ಈಗ ಅದು ಮೂಲೆ ಸೇರಿದೆ. ಆದರೂ ಅದರೊಳಗಿನ ಒಂದು ಹೊಂದಿಕೆಗೂ ಕನ್ನಡದ ಅಕ್ಷರಕ್ಕೂ ಇದ್ದ ನಂಟು ತಿಳಿಯತಕ್ಕ ವಿಷಯ.

ಮೊದಲು ಮೋಡೆಮ್ ಯಾವ ದ್ವಾರಕ್ಕೆ ಜೋಡಣೆಯಾಗಿದೆಯೆಂದು ತಿಳಿಸಬೇಕು, ಬಳಿಕ ವೇಗ. ಒಂದು ಅಕ್ಷರಕ್ಕೆ ಆರಂಭದ ಮತ್ತು ಕೊನೆಯ ಗುರುತುಗಳೂ ಸೇರಿ ಸಾಮಾನ್ಯವಾಗಿ 10 ಬಿಟ್ ಬೇಕು. ಆದ್ದರಿಂದ ಸೆಕೆಂಡಿಗೆ 300 ಬಿಟ್ ಎಂದರೆ 30 ಅಕ್ಷರ, 2400 ಎಂದರೆ 240. ಆಮೇಲೆ ಬರುವುದು ಪ್ಯಾರಿಟಿ. ಕಂದಪದ್ಯದ ಸಾಲುಗಳಲ್ಲಿ 12, 20, 12, 20 ಮಾತ್ರೆ ಎಣಿಸಿ ಲಿಪಿಕಾರನ ತಪ್ಪನ್ನು ಹಿಡಿಯುವೆವಲ್ಲವೆ? ಪ್ಯಾರಿಟಿಯೂ ಅಂಥದೇ. ಅಕ್ಷರದಲ್ಲಿರುವ ಒಂದುಗಳ ಎಣಿಕೆ ಸಮಸಂಖ್ಯೆಯಾಗುವಂತೆ ಒಂದು ಬಿಟ್ ಸೇರಿಸುತ್ತಾರೆ. ಒಂದು ತಪ್ಪಾದರೆ ಸಿಕ್ಕಿಬೀಳುತ್ತದೆ. ಎರಡಾದರೆ ಲೆಕ್ಕ ಸರಿಹೋಗಿ ನುಸುಳುತ್ತದೆ. ಪದ್ಯದಲ್ಲಿಯೂ ಹಾಗೆಯೇ!

ಕನ್ನಡಕ್ಕೆ ಕುತ್ತು ಬರುತ್ತಿದ್ದುದು ಇಲ್ಲಿಯೇ. ಪ್ಯಾರಿಟಿಯ ಜೊತೆಗೆ ಅಕ್ಷರಕ್ಕೆ 7 ಬಿಟ್ ಇಡುವುದು ದೊಡ್ಡ ಗಣಕಗಳ ಹಳೆಯ ವಾಡಿಕೆ. ಇಂಗ್ಲಿಷಿನ ಲಿಪಿಗೆ ಅಷ್ಟು ಸಾಕು. 0ಯಿಂದ 127ರೊಳಗೆ ಎಲ್ಲವೂ ಅಡಗುತ್ತದೆ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ನಮ್ಮ ಅಕ್ಷರಗಳಿರುವುದು 128ರ ಮೇಲೆ. ಅವು ಉಳಿಯಬೇಕಾದರೆ ಎಂಟನೆಯ ಬಿಟ್ ಬೇಕೇ ಬೇಕು. ಕಕಾರದ ಸಂಖ್ಯೆ 179. ಎಂಟನೆಯ ಬಿಟ್ ಹೋದರೆ ಅದರಿಂದ 128 ಕಳೆದು 51 ಉಳಿಯಿತು. ಅದು 3 ಎಂಬ ಅಂಕಿಯ ಸಂಕೇತ! ‘ಕಮಲ’ ಎಂದು ಬರೆದು ಕಳುಹಿಸಿದರೆ ಆ ಕಡೆಯವರಿಗೆ ಕಾಣುವುದು 3, ಎಲ್, ಕ್ಯೂ. ಅಕಾರವಂತೂ ಡಾಲರ್ ಚಿಹ್ನೆಯಾಗುತ್ತದೆ. ತಂತಿಯ ದೋಷವಲ್ಲ, ಭಾಷೆಯ ದೋಷವಲ್ಲ. ಹೊಂದಿಸುವವನು 7ರ ಬದಲು 8 ಎಂದು ಆರಿಸಿ, ಪ್ಯಾರಿಟಿ ಇಲ್ಲ ಎಂದು ಹೇಳಿ, ಕೊನೆಯ ಗುರುತು 1 ಎಂದಿಟ್ಟರೆ ಆಯಿತು. ಆದರೆ ಎರಡು ತುದಿಗಳಲ್ಲಿಯೂ ಹಾಗೆಯೇ ಇಡಬೇಕು. ಒಬ್ಬರು ಒಪ್ಪದಿದ್ದರೂ ಕಮಲ ಅರಳದು.

ಇನ್ನು ಹರಿವಿನ ಹತೋಟಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡಿರುವ ನಮ್ಮ ಸಿಂಧನೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆ ತುಂಬಿದರೆ ತೂಬು ಮುಚ್ಚಬೇಕು. ‘ನಿಲ್ಲು’ ಎಂಬ ಸಂಕೇತವನ್ನು ಅಕ್ಷರಗಳ ಜೊತೆಯಲ್ಲಿಯೇ ಕಳುಹಿಸುವುದು ಒಂದು ಬಗೆ. ಅದರ ಸಂಖ್ಯೆ 19. ಕಳುಹಿಸುವ ಕಡತದೊಳಗೆ ಅದೇ ಸಂಖ್ಯೆ ಇದ್ದರೆ ಹರಿವು ಸುಮ್ಮಸುಮ್ಮನೆ ನಿಂತೀತು. ಆದಕಾರಣ ಗಣಕಕ್ಕೂ ಮೋಡೆಮಿಗೂ ನಡುವೆ ಬೇರೆಯೇ ತಂತಿಯಿಂದ ಸೂಚನೆ ಕೊಡುವ ಬಗೆ ಮೇಲು.

ಕೊನೆಗೆ ಕರೆ. ‘ಎ ಟಿ ಡಿ ಟಿ’ ಎಂದರೆ ದನಿಯಿಂದ, ‘ಎ ಟಿ ಡಿ ಪಿ’ ಎಂದರೆ ಮಿಡಿತದಿಂದ ಸಂಖ್ಯೆ ಒತ್ತುವುದು. ಹಳೆಯ ವಿನಿಮಯ ಕೇಂದ್ರಗಳಿಗೆ ಮಿಡಿತವೊಂದೇ ಗೊತ್ತು. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ವಿದ್ಯುನ್ಮಾನ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಆರಂಭವಾಯಿತು. ಆದರೆ ಅದು ಊರೂರಿಗೆ ಹಬ್ಬಲು ಕಾಲ ಹಿಡಿಯಿತು. ಹೊರದೇಶದ ಮೋಡೆಮಿಗೆ ನಮ್ಮ ಕೇಂದ್ರದ ದನಿ ಗುರುತಾಗದಿದ್ದರೆ ‘ಎಕ್ಸ್ 3’ ಎಂದು ಸೇರಿಸಬೇಕು. ಅದು ದನಿಗೆ ಕಾಯದೆ ಸಂಖ್ಯೆ ಒತ್ತುತ್ತದೆ. ಸಂಖ್ಯೆಗಳ ನಡುವೆ ಅಲ್ಪವಿರಾಮ ಹಾಕಿದರೆ ಎರಡು ಸೆಕೆಂಡು ತಡೆದು ಮುಂದುವರಿಯುತ್ತದೆ. ಮಕ್ಕಳು ಪಾಠ ಓದುವಾಗ ಅಷ್ಟಾದರೂ ತಡೆದರೆ!

ಮಾತು ಮುಗಿದ ಮೇಲೆ ಒಂದು ಸೆಕೆಂಡು ಸುಮ್ಮನಿದ್ದು, ಕೂಡುವ ಚಿಹ್ನೆಯನ್ನು ಮೂರು ಬಾರಿ ಒತ್ತಿ, ಮತ್ತೆ ಒಂದು ಸೆಕೆಂಡು ಸುಮ್ಮನಿರಬೇಕು. ಆಗ ಮೋಡೆಮ್ ಅಪ್ಪಣೆಗೆ ಕಿವಿಗೊಡುತ್ತದೆ. ‘ಎ ಟಿ ಎಚ್’ ಎಂದರೆ ಕರೆ ಕೆಳಗಿಡುತ್ತದೆ.