ತಂತ್ರಾಂಶ ಘಟಕಗಳ ಪರೀಕ್ಷೆಗೆ ಪ್ರವೇಶನಿಯಮಗಳು

ದೊಡ್ಡ ತಂತ್ರಾಂಶವೊಂದು ಅನೇಕ ಸಣ್ಣ ಘಟಕಗಳಿಂದ ಕೂಡಿರುತ್ತದೆ. ಇವನ್ನು ಒಂದರೊಡನೊಂದು ಜೋಡಿಸುವ ಮೊದಲು ಪ್ರತ್ಯೇಕವಾಗಿ ಪರೀಕ್ಷಿಸುವುದು ರೂಢಿ. ಆ ಪರೀಕ್ಷೆ ಆರಂಭವಾಗುವ ಮುನ್ನ ಪೂರೈಸಿರಬೇಕಾದ ಷರತ್ತುಗಳನ್ನೇ ಪ್ರವೇಶನಿಯಮಗಳೆನ್ನುತ್ತೇವೆ. ಘಟಕದ ಕಾರ್ಯವಿವರಣೆ ಲಿಖಿತವಾಗಿರುವುದು, ಬರೆದ ಕ್ರಮವಿಧಿಯು ತೊಡಕಿಲ್ಲದೆ ಯಂತ್ರಭಾಷೆಗೆ ಪರಿವರ್ತನೆಯಾಗುವುದು, ಮತ್ತೊಬ್ಬರು ಅದನ್ನು ಓದಿ ಪರಿಶೀಲಿಸಿರುವುದು, ಪರೀಕ್ಷೆಗೆ ಬೇಕಾದ ದತ್ತಾಂಶ ಒದಗಿರುವುದು—ಇವು ಸಾಮಾನ್ಯವಾದವು.

ನಿಯಮಗಳು ಅತಿಯಾದರೆ ಪರೀಕ್ಷೆಯೇ ತಡವಾಗುತ್ತದೆ. ಆದುದರಿಂದ ಯಾವುದರ ಅಭಾವದಲ್ಲಿ ಪರೀಕ್ಷೆಯ ಫಲಿತಾಂಶ ಅರ್ಥಹೀನವಾಗುವುದೋ ಅದನ್ನು ಮಾತ್ರ ಅನಿವಾರ್ಯವೆಂದೆಣಿಸಬೇಕು.

1996ರ ಜೂನ್ 4ರಂದು ಫ್ರೆಂಚ್ ಗಯಾನದ ಕೂರೂವಿನಿಂದ ಮೊದಲ ಬಾರಿಗೆ ಹಾರಿದ ಏರಿಯಾನ್-5 ರಾಕೆಟ್ಟು ಇದಕ್ಕೆ ನಿದರ್ಶನ. ಅದರ ಗತಿಯನ್ನು ಅಳೆಯುವ ಉಪಕರಣದ ತಂತ್ರಾಂಶ ಏರಿಯಾನ್-4ರಿಂದ ಬಂದದ್ದು. ಹೊಸ ರಾಕೆಟ್ಟಿಗಾದರೋ ಸಮತಲ ದಿಕ್ಕಿನ ವೇಗ ಬಹಳ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸುವಾಗ ಅದು ಗರಿಷ್ಠ ಮಿತಿಯಾದ 32,767ನ್ನು ಮೀರಿತು. ಅದೇ ತಂತ್ರಾಂಶವಿದ್ದ ಎರಡು ಉಪಕರಣಗಳೂ ನಿಂತುಹೋದವು. ರಾಕೆಟ್ಟು ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್-5ರ ಪಥದ ಅಂಕಿಗಳು ಉಪಕರಣದ ಕಾರ್ಯವಿವರಣೆಯಲ್ಲಿ ಸೇರಿರಲಿಲ್ಲವೆಂದು ತನಿಖಾಮಂಡಲಿ ತಿಳಿಸಿತು.

ಅಂತಹ ವಿವರಣೆಯನ್ನು ಆಧರಿಸಿ ಎಷ್ಟು ಪರೀಕ್ಷಿಸಿದರೂ ಘಟಕವು ಹಳೆಯ ಅಗತ್ಯಕ್ಕೆ ಹೊಂದುತ್ತದೆಂಬುದಷ್ಟೇ ಸಿದ್ಧವಾಗುತ್ತದೆ. ಘಟಕವು ಈಗ ಕೆಲಸ ಮಾಡಬೇಕಾದ ಸನ್ನಿವೇಶದಲ್ಲಿ ಅದಕ್ಕೆ ಬರಬಹುದಾದ ಪ್ರತಿಯೊಂದು ಮೌಲ್ಯದ ಕನಿಷ್ಠ, ಗರಿಷ್ಠ ಮಿತಿಗಳು ಬರವಣಿಗೆಯಲ್ಲಿರಬೇಕೆಂಬುದೇ ಮೊದಲ ಪ್ರವೇಶನಿಯಮವಾಗತಕ್ಕದ್ದು. ಹಿಂದೆ ಯಶಸ್ವಿಯಾಗಿ ನಡೆದ ಘಟಕಕ್ಕೂ ಇದರಿಂದ ವಿನಾಯಿತಿ ಸಲ್ಲದು.